ಗವರ್ನರಿನ ವಂಶಜ: ಕೋಲಾರ ಸೀಮೆಯಿಂದ ಕಂಡ ಇಸಿಯು ಚರಿತ್ರೆ

ನಂದಿದುರ್ಗವೆಂದರೆ ಅನ್ಯರಿಗೆ ಬೆಟ್ಟ. ಕೋಲಾರದ ಚಿನ್ನದ ಸೀಮೆಯವರಿಗೆ ಆ ಬೆಟ್ಟದ ಹೆಸರನ್ನೇ ಧರಿಸಿದ್ದ ಗಣಿಯೂ ಹೌದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿಯಲ್ಲಿ ಹರಿದ ವಿದ್ಯುತ್ತು ಈ ಸೀಮೆಯ ಗಣಿಗಳನ್ನು ಮುಟ್ಟಿದ ವೃತ್ತಾಂತವನ್ನು ಎಲ್ಲರೂ ಬಲ್ಲರು. ಆದರೆ ಇಲ್ಲಿ ಯಂತ್ರಗಳ ಹೊರೆ ಏರಿದಾಗ ಅಲ್ಲಿ ಜಲಚಕ್ರದ ವೇಗ ಕುಗ್ಗದಂತೆ ನೀರಿನ ಬಾಗಿಲನ್ನು ತಾನಾಗಿಯೇ ಇಷ್ಟಿಷ್ಟೇ ತೆರೆಯುತ್ತಿದ್ದ ಗವರ್ನರ್ ಎಂಬ ವೇಗನಿಯಂತ್ರಕವನ್ನು ಸ್ಮರಿಸುವವರು ವಿರಳ. ಮೋಟಾರುಗಾಡಿಯ ಇಸಿಯು, ಎಂದರೆ ವಿದ್ಯುನ್ಮಾನ ನಿಯಂತ್ರಣ ಘಟಕದ ವಂಶಾವಳಿಯನ್ನು ಗಣಕಯಂತ್ರದಿಂದ ಆರಂಭಿಸುವುದು ವಾಡಿಕೆಯಾದರೂ, ಅದರ ಮೂಲಪುರುಷ ಈ ಗವರ್ನರೇ ಎಂಬುದು ನನ್ನ ಮತ.

1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಸಂಸ್ಥೆಯ ಡೀಸೆಲ್ ಪಂಪಿನೊಳಗೂ ಇದ್ದುದು ಆ ಕುಲದ ಗವರ್ನರೇ. ಲಾರಿ ಏರು ಹತ್ತುವಾಗ ಎಂಜಿನ್ನಿನ ವೇಗ ತಗ್ಗಿದರೆ, ತಿರುಗುವ ತೂಕದ ಗುಂಡುಗಳು ಒಳಕ್ಕೆ ಸರಿದು, ಸ್ಪ್ರಿಂಗು ಇಂಧನ ಅಳೆಯುವ ರ್ಯಾಕನ್ನು ತಳ್ಳಿ, ಡೀಸೆಲ್ಲಿನ ಪ್ರಮಾಣವನ್ನು ಹೆಚ್ಚಿಸುವುದು. ಅಳೆಯುವುದು, ಹೋಲಿಸುವುದು, ತಿದ್ದುವುದು: ಈ ಮೂರು ಕ್ರಿಯೆಗಳೂ ಕಬ್ಬಿಣದಲ್ಲಿಯೇ ನೆರವೇರುತ್ತಿದ್ದುವು. 1964ರಲ್ಲಿ ಆರಂಭವಾದ ಬಿಇಎಂಎಲ್ ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ತಯಾರಾದ ಬುಲ್ಡೋಜರುಗಳ ಎಂಜಿನ್ನಿಗೂ ಅಂದಿನ ನ್ಯಾಯ ಇದೇ.

ಕಬ್ಬಿಣದ ಈ ವಿವೇಕ ಸಾಲದಾದುದು ಹೊಗೆಯ ದೆಸೆಯಿಂದ. ಕ್ಯಾಲಿಫೋರ್ನಿಯದ ಹೊಗೆನಿಯಮಗಳ ಒತ್ತಡದಲ್ಲಿ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರನ್ನೇರಿತು. ಗಾಳಿ ಒಳಸೇರುವ ಕೊಳವೆಯ ಒತ್ತಡವನ್ನು ಅರಿತು ಅದು ಪೆಟ್ರೋಲನ್ನು ಅಳೆದು ಸಿಂಪಡಿಸಿತು. ಅದೇ ಸಂಸ್ಥೆಯ 1979ರ ಮೋಟ್ರಾನಿಕ್ ಇಂಧನವನ್ನೂ ಕಿಡಿಯನ್ನೂ ಒಂದೇ ಅಂಕೀಯ ಘಟಕದ ವಶಕ್ಕೆ ಒಪ್ಪಿಸಿತು.

ಘಟಕದ ವ್ಯಾಪಾರವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಮಾಯೆಯೇನೂ ಕಾಣದು. ಕ್ರ್ಯಾಂಕಿನ ಚಕ್ರದ ಅಂಚಿನಲ್ಲಿ ಅರವತ್ತು ಹಲ್ಲುಗಳಿಗೆ ಎಡೆಯಿದ್ದು, ಎರಡನ್ನು ಬೇಕೆಂದೇ ಕಿತ್ತಿರುವುದು ಹಲವು ಎಂಜಿನ್ನುಗಳಲ್ಲಿ ರೂಢಿ. ಸೆನ್ಸರಿನ ಮುಂದೆ ಆ ಬಾಯಿಮುಕ್ಕು ಹಾದಾಗ ಪಿಸ್ಟನ್ನು ಎಲ್ಲಿದೆಯೆಂಬುದು ಘಟಕಕ್ಕೆ ತಿಳಿಯುತ್ತದೆ. ವೇಗ ಮತ್ತು ಹೊರೆಗಳನ್ನು ಹಿಡಿದು ಅದು ತನ್ನ ಸ್ಮೃತಿಯ ಕೋಷ್ಟಕದಲ್ಲಿ, ಪಂಚಾಂಗ ನೋಡುವ ಜೋಯಿಸರಂತೆ, ಫಲವನ್ನು ಹುಡುಕುತ್ತದೆ. ಎಂಜಿನ್ನು ತಣ್ಣಗಿದ್ದರೆ ಕೊಂಚ ಹೆಚ್ಚಿಸಿ, ಇಂಜೆಕ್ಟರನ್ನು ಕೆಲವೇ ಮಿಲಿಸೆಕೆಂಡುಗಳಷ್ಟು ತೆರೆಯುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹದ ತಪ್ಪಿತೇ ಎಂಬುದನ್ನು ಹೊಗೆಕೊಳವೆಯ ಆಮ್ಲಜನಕ ಸೆನ್ಸರು ಸಾರಿಹೇಳುತ್ತದೆ: ಪೆಟ್ರೋಲು ಹೆಚ್ಚಾದರೆ ಸುಮಾರು 0.9 ವೋಲ್ಟು, ಕಡಮೆಯಾದರೆ 0.1.

ನಮ್ಮಲ್ಲಿಯೂ ಈ ಘಟಕವನ್ನು ಕರೆತಂದುದು ಹೊಗೆಯ ಕಾನೂನೇ. ಕಾರುಗಳಿಗೆ ಅದು ಮೊದಲು ಬಂದು, ಬಹುಪಾಲು ಸ್ಕೂಟರುಗಳಿಗೆ 2020ರ ಏಪ್ರಿಲ್ 1ರ ಬಿಎಸ್-6 ನಿಯಮದ ದೆಸೆಯಿಂದ ದೊರೆಯಿತು; ಕೋಲಾರದ ಬಳಿಯ ನರಸಾಪುರದಲ್ಲಿ 2013ರಿಂದ ನಡೆದಿರುವ ಹೋಂಡಾ ಕಾರ್ಖಾನೆಯ ಸ್ಕೂಟರುಗಳೂ ಕಾರ್ಬೊರೇಟರನ್ನು ಕಳಚಿಟ್ಟುವು. ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿ, ಕಿವಿಗೊಟ್ಟು ಆಲಿಸಿ ಹದ ಹಿಡಿಯುತ್ತಿದ್ದ ಮೆಕ್ಯಾನಿಕ್ಕು ಈಗ, “ಲೈಟು ಎಷ್ಟು ಸಲ ಮಿಣುಕ್ತು ಸಾರ್?” ಎನ್ನುತ್ತಾನೆ. ದೋಷ ಕಂಡಾಗ ಘಟಕ ಎಚ್ಚರಿಕೆಯ ದೀಪವನ್ನು ಮಿಣುಕಿಸುತ್ತದೆ; ಹೋಂಡಾದ ಸಂಕೇತದಲ್ಲಿ ಉದ್ದ ಮಿಣುಕು ಹತ್ತಕ್ಕೆ, ಗಿಡ್ಡ ಮಿಣುಕು ಒಂದಕ್ಕೆ. ಕೂಡಿಸಿ ಬಂದ ಸಂಖ್ಯೆಯನ್ನು ಪಟ್ಟಿಯಲ್ಲಿ ನೋಡಿ, ಕೆಟ್ಟ ಸೆನ್ಸರು ಯಾವುದೆಂದು ಅವನು ಅರಿಯುತ್ತಾನೆ. ದೋಷಸಂಕೇತವನ್ನು ಓದುವ ಸ್ಕ್ಯಾನರು ಅವನ ಬಳಿ ಇದ್ದೀತು. ಆದರೂ ಬೆರಳು ಮಡಿಸಿ ಎಣಿಸುವುದನ್ನು ಅವನು ಬಿಟ್ಟಿಲ್ಲ.