ದಪ್ಪಕ್ಷರ ಮತ್ತು ಒತ್ತು

ದೂರದಿಂದಲೇ ಕಣ್ಣಿಗೆ ಬೀಳಲೆಂದು ಬರೆಯುವ ದಪ್ಪ, ತುಂಟ ಅಕ್ಷರಕ್ಕೆ ಕನ್ನಡದಲ್ಲಿ ಎದುರಾಗುವ ಮೊದಲ ತೊಡಕು ಒತ್ತಕ್ಷರ. ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರನ್ನು ಒಂದೇ ಹಲಗೆಯ ಮೇಲೆ ಬರೆದು ನೋಡಿದರೆ ಇದು ತಿಳಿಯುತ್ತದೆ. ಸವಣೂರು, ಹಿರೇಕೆರೂರು ಎಂಬಲ್ಲಿ ಒತ್ತಿಲ್ಲ; ಅಕ್ಷರವನ್ನು ಹಲಗೆಯ ಎತ್ತರಕ್ಕೂ ಉಬ್ಬಿಸಬಹುದು. ಹಾನಗಲ್ಲಿಗೆ ಲಕಾರದ ಒತ್ತು, ಶಿಗ್ಗಾಂವಿಗೆ ಗಕಾರದ ಒತ್ತು. ಅವಕ್ಕೆ ಜಾಗ ಬಿಡಲು ಇಡೀ ಸಾಲನ್ನು ಕುಗ್ಗಿಸಬೇಕು, ಇಲ್ಲವೇ ಒತ್ತನ್ನೇ ಸಣ್ಣದು ಮಾಡಿ ಪಕ್ಕಕ್ಕೆ ಸರಿಸಬೇಕು. ಗೆರೆ ದಪ್ಪವಾದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಯಲು ಮುಚ್ಚಿಕೊಂಡು, ದೂರದವರಿಗೆ ಬರೀ ಗುಂಡಗಿನ ಕಲೆ ಕಾಣುತ್ತದೆ. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಕುಂಚ. ಅಚ್ಚುಮೊಳೆಯ ಪಾಲು ಕಡಿಮೆ.

ಈ ಸೀಮೆಯಲ್ಲಿ ನಾಲ್ಕು ಜನರ ಕಣ್ಣಿಗೆಂದು ಬರೆದ ಅಕ್ಷರ ಮೊದಲು ಮೂಡಿದ್ದು ಕಲ್ಲಿನ ಮೇಲೆ. ಹಾನಗಲ್ಲು ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಆದರೆ ಶಾಸನದ ಅಕ್ಷರ ಹತ್ತಿರ ನಿಂತು ಓದುವಂಥದ್ದು. ಪದಗಳ ನಡುವೆ ತೆರಪಿಲ್ಲ, ಎಲ್ಲವೂ ಒಂದೇ ಗಾತ್ರ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಮಾತ್ರ ಬೇರೊಂದು ಬಗೆಯದೂ ಇದೆ. ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ ಶಿಲ್ಪಗಳ ಜೊತೆಗೆ, ಇದು ಯಾವ ಪ್ರಸಂಗವೆಂದು ತಿಳಿಸುವ ಪುಟ್ಟ ಬರಹಗಳನ್ನು ಅಲ್ಲಿ ಕಂಡರಿಸಿದ್ದಾರೆ. ಚಿತ್ರದ ಜೊತೆ ನಿಂತು ನೋಡುಗನನ್ನು ಕರೆಯುವ ಅಕ್ಷರಕ್ಕೆ ಈ ಭಾಗದ ಹಳೆಯ ಮಾದರಿ ಇದೇ ಎನ್ನಬಹುದು.

ಕಲ್ಲಿನ ನಂತರದ್ದು ಅಚ್ಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ತೆರೆದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು, ಅಂದರೆ ಕೈಬರಹವೇ ಅಚ್ಚಾಯಿತು. ಘಟ್ಟದ ಮೇಲಿನ ಈ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಪಟ್ಟಣ ಮಾತ್ರ 1948ರವರೆಗೂ ನವಾಬರ ಸಂಸ್ಥಾನ. ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ಜೋರು. ಕನ್ನಡದ ಪರವಾಗಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಪುಸ್ತಕಕ್ಕೆ ಬೇಕಾದ ಸಣ್ಣ ಮೊಳೆ ಹೇಗೋ ಸಿಗುತ್ತಿತ್ತು. ದೊಡ್ಡ ಮೊಳೆ ದುಬಾರಿ: ಕಾಗುಣಿತ, ಒತ್ತು ಎಲ್ಲ ಸೇರಿ ಒಂದೊಂದು ಗಾತ್ರಕ್ಕೂ ನೂರಾರು ಮೊಳೆ ಬೇಕು. ಹಾಗಾಗಿ ದೊಡ್ಡ ತಲೆಬರಹ ಬೇಕಾದಾಗ ಕೈಯಲ್ಲಿ ಬರೆದು ಬ್ಲಾಕ್ ಮಾಡಿಸುವುದೇ ಸಲೀಸಾಗಿತ್ತು.

ಇಂಥ ಅಕ್ಷರಕ್ಕೆ ಹಸಿವು ಹುಟ್ಟಿಸಿದ್ದು ನಾಟಕ ಕಂಪನಿಗಳು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿಯನ್ನೇ ಕಟ್ಟಿದರು. ‘ಕೃಪಾಪೋಷಿತ’, ‘ನಾಟ್ಯ ಸಂಘ’ ಎಂದು ಮೊಳದುದ್ದದ ಕಂಪನಿ ಹೆಸರು ಆಗಿನ ರೂಢಿ. ಅದನ್ನು ಸಣ್ಣಕ್ಷರದಲ್ಲಿ ಮೇಲೆ ಕೂರಿಸಿ, ನಾಟಕದ ಹೆಸರನ್ನು ನಡುವೆ ಮೆರೆಸುವುದು ಹ್ಯಾಂಡ್‌ಬಿಲ್ಲಿನ ಕಟ್ಟಳೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಎಂಬ ಹೆಸರನ್ನೇ ನೋಡಿ. ಎರಡು ಪದಕ್ಕೂ ಸಕಾರವೇ ತಲೆ. ಎರಡನ್ನೂ ಉಬ್ಬಿಸಿದರೆ ಸಾಲಿಗೆ ತೂಕ ಬರುತ್ತದೆ. ಮೊದಲ ಪದದ ಸೊನ್ನೆಯನ್ನು ನಾಣ್ಯ ಮಾಡಬಹುದು. ತಕಾರದ ಒತ್ತನ್ನು ಬಾಲದಂತೆ ಎಳೆದು ಮುಂದಿನ ಅಕ್ಷರದ ಅಡಿಗೆ ಹಾಸಬಹುದು. ಒತ್ತು ಇಲ್ಲಿ ಹೊರೆಯಲ್ಲ, ಆಟದ ಸಾಮಾನು.

ಅಂಗಡಿ ಬೋರ್ಡು ಬರೆಯುವ ಪೇಂಟರುಗಳದ್ದೂ ಇದೇ ಜಾಣತನ. ಸೀಮೆಸುಣ್ಣ ಮೆತ್ತಿದ ದಾರ ಮೀಟಿ ಗೆರೆ ಹೊಡೆದು, ಚಪ್ಪಟೆ ಕುಂಚದಿಂದ ಮೈ ತುಂಬಿ, ಒಂದು ಮಗ್ಗುಲಿಗೆ ಗಾಢ ಬಣ್ಣದ ಶೇಡ್ ಕೊಟ್ಟರೆ ಅಕ್ಷರ ಹಲಗೆಯಿಂದ ಎದ್ದು ಬರುತ್ತದೆ. ಸವಣೂರಿನ ಣಕಾರಕ್ಕೆ ತಲೆಕಟ್ಟಿಲ್ಲ. ಸ, ವ ಎರಡರ ಪಕ್ಕ ಅದು ಬೋಳಾಗಿ ಕಾಣದಂತೆ ಅದರ ಸುರುಳಿಯನ್ನೇ ಒಂಚೂರು ಮೇಲಕ್ಕೆತ್ತಬೇಕಾಗುತ್ತದೆ.

ದೀಪಾವಳಿಯ ಹೊತ್ತಿಗೆ ಶುರುವಾಗುವ ಹೋರಿ ಹಬ್ಬದಲ್ಲಿ ಈ ಅಕ್ಷರ ಈಗಲೂ ಓಡುತ್ತದೆ, ಅಕ್ಷರಶಃ. ಕೊಬ್ಬರಿ ಹಾರ, ಬಲೂನು, ಜೂಲ ಹೊತ್ತ ಹೋರಿಗೆ ಊರಿಗೆಲ್ಲ ಗೊತ್ತಿರುವ ಹೆಸರಿರುತ್ತದೆ. ಆ ಹೆಸರು ಬ್ಯಾನರಿನಲ್ಲಿ, ಅಭಿಮಾನಿಗಳ ಟೀ ಶರ್ಟಿನಲ್ಲಿ ರಾರಾಜಿಸುತ್ತದೆ. ಇಲ್ಲಿ ಅಂದಕ್ಕಿಂತ ಅಬ್ಬರವೇ ಮುಖ್ಯ, ಅದು ಸರಿಯೂ ಹೌದು.

ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಕಂಪ್ಯೂಟರಿಗೆ ಹೋಯಿತು. 1998ರಲ್ಲಿ ‘ಬರಹ’, ಅದರ ಬೆನ್ನಿಗೆ ‘ನುಡಿ’ ತಂತ್ರಾಂಶ ಬಂದು ಟೈಪಿಂಗ್ ಸುಲಭವಾದರೂ, ಮೈದುಂಬಿದ ಆಟದ ಅಕ್ಷರಗಳು ಬೆರಳೆಣಿಕೆಯಷ್ಟೇ ಇದ್ದವು. ಇರುವ ಅಕ್ಷರಕ್ಕೇ ಸುತ್ತ ಗೆರೆ ಬಳಿದು ದಪ್ಪ ಮಾಡುವ ಕೆಟ್ಟ ಚಾಳಿ ಬೆಳೆದದ್ದು ಆಗಲೇ. ಹೊಟ್ಟೆ ಮುಚ್ಚಿದ ಅಕ್ಷರ, ಒಂದಕ್ಕೊಂದು ಅಂಟಿದ ಒತ್ತು ಇವತ್ತಿನ ಶುಭಕೋರುವ ಬ್ಯಾನರುಗಳಲ್ಲೂ ಕಾಣುತ್ತವೆ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದರೂ ಅವು ಗೋಡೆ ಬಿಟ್ಟು ಇಳಿದಿಲ್ಲ.

ಸುಮಾರು ಅದೇ ಕಾಲಕ್ಕೆ ಮುಂಬಯಿಯ ಏಕ್ ಟೈಪ್ ತಂಡ ಬಲೂ ಎಂಬ ದಪ್ಪ, ಮೆತ್ತನೆಯ ಅಕ್ಷರ ಕುಟುಂಬವನ್ನು ಹೊರತಂದಿತು. ಕಾಡಿನ ಕಥೆಯ ಕರಡಿಯ ಹೆಸರು ಅದು. ಬೇರೆ ಬೇರೆ ಭಾಷೆಗಳ ಫಾಂಟುಗಳಿಗೆ ಸಲಿಗೆಯ ಒಂದೊಂದು ಕರೆಯನ್ನು ಜೋಡಿಸಿದರು: ಮಲಯಾಳಕ್ಕೆ ಚೇಟ್ಟನ್, ಪಂಜಾಬಿಗೆ ಪಾಜಿ, ಕನ್ನಡಕ್ಕೆ ತಮ್ಮ. ಮುಂದೆ ಕನ್ನಡ ಮತ್ತು ತೆಲುಗಿಗೆ ಅಕಾಯ ಎಂಬ ಇನ್ನೊಂದು ಪ್ರಯೋಗವೂ ಬಂತು. ಅದರ ಕನ್ನಡ ಫಾಂಟಿನ ಹೆಸರು ಅಕಾಯ ಕನಡಕ. ಹುಬ್ಬಳ್ಳಿಯ ಹೆಸರಿನದೇ ಒಂದು ಫಾಂಟ್ ಇದೆ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ಶಿಗ್ಗಾಂವಿಯ ಡಿಟಿಪಿ ಅಂಗಡಿಯವರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು.