ಹಟ್ಟಿಯಾಚೆಯ ಬಾಣಂತನ ಮತ್ತು ಶುಶ್ರೂಷಾ ಸಿದ್ಧಾಂತ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಅಮೃತ ಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಒಂದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕುರಿ, ದನ, ಕಂಬಳಿಗಳೇ ಬದುಕಿನ ಆಧಾರವಾಗಿದ್ದವು. ಚಳ್ಳಕೆರೆ, ಹಿರಿಯೂರು, ಶಿರಾ ಸುತ್ತಿನ ಪಶುಪಾಲಕರಲ್ಲಿ ಕಾಡುಗೊಲ್ಲರು ಮುಖ್ಯರು. ಮುಳ್ಳುಬೇಲಿ ಕಟ್ಟಿದ ಅವರ ಹಟ್ಟಿಯೊಳಗೆ ದೇವರ ನೆಲೆಯೂ ಇರುವುದರಿಂದ ಹೆರಿಗೆಯ ಸೂತಕ ಒಳಗೆ ಬರಬಾರದೆಂಬುದು ಹಳೆಯ ಕಟ್ಟಳೆ. ಬಾಣಂತಿ ಕೂಸಿನೊಡನೆ ಹಟ್ಟಿಯಾಚೆಯ ಗುಡಿಸಲಲ್ಲಿ ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ಇರಬೇಕಾಗುತ್ತಿತ್ತು.

ಹೆರಿಗೆ ನೋಡಿಕೊಳ್ಳುತ್ತಿದ್ದವಳು ಸೂಲಗಿತ್ತಿ. ಹತ್ತಿರದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಈ ಪರಂಪರೆಯಲ್ಲಿ ಎಲ್ಲರೂ ಬಲ್ಲ ಹೆಸರು. ಅಜ್ಜಿಯಿಂದ ವಿದ್ಯೆ ಕಲಿತು, ಹಣ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸೂಲಗಿತ್ತಿಯ ಅರಿವು ಕೈಯಲ್ಲಿತ್ತು, ನೆನಪಿನಲ್ಲಿತ್ತು. ಯಾವುದು ಏಕೆ ಫಲಿಸುತ್ತದೆ ಎಂಬುದನ್ನು ಬರೆದಿಟ್ಟು, ಪರೀಕ್ಷಿಸಿ, ಬೇರೆಯವರಿಗೆ ಕಲಿಸುವ ಏರ್ಪಾಡು ಮಾತ್ರ ಇರಲಿಲ್ಲ.

ಆ ಏರ್ಪಾಡಿಗೆ ಶುಶ್ರೂಷಾ ಸಿದ್ಧಾಂತವೆಂದು ಹೆಸರು. ಇದರ ಮೊದಲ ಬರಹವೆಂದು ಎಣಿಸುವುದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷಾ ಟಿಪ್ಪಣಿಗಳನ್ನು. ಗಾಳಿ, ಬೆಳಕು, ಬೆಚ್ಚಗಿನ ವಾತಾವರಣ, ಶುಚಿತ್ವ, ಆಹಾರ ಇವನ್ನು ಸರಿಪಡಿಸಿದರೆ ದೇಹ ತಾನೇ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ನಿಲುವು. ಸುಮಾರು ನೂರು ವರ್ಷಗಳ ನಂತರ, 1952ರಲ್ಲಿ, ಹಿಲ್ಡೆಗಾರ್ಡ್ ಪೆಪ್ಲೌ ದಾದಿ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಭಾಗವೆಂದು ವಿವರಿಸಿದರು. ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲು ಜನರಿಗೆ ಎಲ್ಲಿ ಆಗುವುದಿಲ್ಲವೋ ಅಲ್ಲಿ ಶುಶ್ರೂಷೆಯ ಕೆಲಸ ಶುರುವಾಗುತ್ತದೆ ಎಂದು ಡೊರೊಥಿಯಾ ಓರೆಮ್ 1971ರ ಗ್ರಂಥದಲ್ಲಿ ನಿರೂಪಿಸಿದರು. ಮಾನವಶಾಸ್ತ್ರವನ್ನೂ ಓದಿದ್ದ ದಾದಿ ಮೆಡಲೀನ್ ಲೈನಿಂಗರ್ ನ್ಯೂಗಿನಿಯ ಗುಡ್ಡಗಾಡಿನ ಗಡ್ಸಪ್ ಜನರ ನಡುವೆ ಇದ್ದು ಅಧ್ಯಯನ ಮಾಡಿ, ಸಂಸ್ಕೃತಿಯನ್ನು ಅರಿಯದೆ ಆರೈಕೆಯಿಲ್ಲ ಎಂಬ ಸಿದ್ಧಾಂತ ಕಟ್ಟಿದರು. ಒಂದು ಆಚರಣೆಯ ಎದುರು ದಾದಿಗೆ ಮೂರು ದಾರಿಗಳಿವೆ ಎಂದರು ಅವರು: ಒಳ್ಳೆಯದನ್ನು ಉಳಿಸುವುದು, ಹೊಂದಿಸಬಹುದಾದದ್ದನ್ನು ಹೊಂದಿಸುವುದು, ಹಾನಿ ಮಾಡುವುದನ್ನು ಜನರ ಜೊತೆಗೂಡಿ ಬದಲಿಸುವುದು.

ಈ ಮೂರನ್ನೂ ಗೊಲ್ಲರಹಟ್ಟಿಯ ಬಾಣಂತನದಲ್ಲಿ ಸ್ಪಷ್ಟವಾಗಿ ಕಾಣಬಹುದು. ಎಣ್ಣೆ ನೀವುವುದು, ಬಿಸಿನೀರಿನ ಸ್ನಾನ, ಮೆಣಸಿನ ಸಾರು, ದುಡಿಮೆಯಿಂದ ಬಿಡುವು ಇವು ಉಳಿಯಬೇಕಾದವು. ಕೆಂಡದ ಹೊಗೆ ಕೂಸಿನ ಉಸಿರಿಗೆ ತಾಗದಂತೆ ದೂರವಿಡುವುದು, ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಸಡಿಲಿಸುವುದು ಮನೆಯ ಹಿರಿಯರೊಡನೆ ಕೂತು ಹೊಂದಿಸಬೇಕಾದವು. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಮತ್ತು ಹಟ್ಟಿಯಾಚೆಯ ಗುಡಿಸಲು ನಿಲ್ಲಲೇಬೇಕಾದವು. ನವಜಾತ ಶಿಶುವಿನ ಮೈ ಬಹುಬೇಗ ಶಾಖ ಕಳೆದುಕೊಳ್ಳುತ್ತದೆ. ತೂಕ ಕಡಿಮೆಯಿದ್ದರೆ ಇನ್ನೂ ಬೇಗ. ಮೈ ಒರೆಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿದರೆ ಶಾಖ ನಿಲ್ಲುತ್ತದೆ. ಮಳೆ ಗಾಳಿಗೆ ತೆರೆದ ಗುಡಿಸಲಿನಲ್ಲಿ ಈ ಆರೈಕೆಯೂ ಸೋಲುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ ಹೀಗೆ ಇರಿಸಿದ್ದ ಹಸುಗೂಸೊಂದು ಸತ್ತಿತು.

ಕಾನೂನು ಅದಕ್ಕೂ ಮೊದಲೇ ಬಂದಿತ್ತು. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸರನ್ನು ಬಲವಂತವಾಗಿ ಪ್ರತ್ಯೇಕ ಇಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ಪ್ರತಿಬಂಧಕ ಕಾಯ್ದೆ ಅಪರಾಧವೆನ್ನುತ್ತದೆ. ಆದರೆ ಕಾಯ್ದೆ ಹಟ್ಟಿಯ ಬಾಗಿಲಲ್ಲಿ ನಿಂತು ಅತ್ತೆಯ ಭಯವನ್ನು ಕೇಳಿಸಿಕೊಳ್ಳಲಾರದು. ಅದಕ್ಕೆ ನಂಬಿಕೆ ಗಳಿಸಿದ, ತಾನೇ ನಿರ್ಧಾರ ಕೈಗೊಳ್ಳಬಲ್ಲ ಶುಶ್ರೂಷಕಿ ಬೇಕು.

ಅಂಥವರನ್ನು ತಯಾರು ಮಾಡುವುದೇ ಉನ್ನತ ಶುಶ್ರೂಷೆಯ ಗುರಿ. 1965ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ದಾದಿ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ವೈದ್ಯರು ಸಿಗದ ಕಡೆ ಮಕ್ಕಳ ಆರೋಗ್ಯವನ್ನು ದಾದಿಯೇ ಪರೀಕ್ಷಿಸಿ ನೋಡಿಕೊಳ್ಳಬೇಕೆಂಬುದು ಅವರ ಉದ್ದೇಶವಾಗಿತ್ತು. ಭಾರತ ಮುಂದಿನ ದಶಕದಲ್ಲಿ ಬೇರೆ ದಾರಿ ಹಿಡಿಯಿತು. 1973ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಸಹಾಯಕ ದಾದಿ-ಸೂಲಗಿತ್ತಿಯಾದ ಎಎನ್‌ಎಂ ಬಹುಪಯೋಗಿ ಆರೋಗ್ಯ ಕಾರ್ಯಕರ್ತೆಯಾದಳು. ಲಸಿಕೆ, ಕುಟುಂಬ ಯೋಜನೆ, ದಾಖಲೆ ಪುಸ್ತಕಗಳ ನಡುವೆ ಹೆರಿಗೆಯ ಕೌಶಲ ಹಿಂದೆ ಸರಿಯಿತು. 2005ರ ಜನನಿ ಸುರಕ್ಷಾ ಯೋಜನೆಯಿಂದ ಆಸ್ಪತ್ರೆ ಹೆರಿಗೆ ಹೆಚ್ಚಿತು, ಸೂಲಗಿತ್ತಿಯ ಕಾಲ ಮುಗಿಯುತ್ತ ಬಂತು. ಆಸ್ಪತ್ರೆಯಿಂದ ಮರಳಿದ ಬಾಣಂತಿ ಎಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿತನದ ಸೇವೆಗೆ ಮಾರ್ಗಸೂಚಿ ಹೊರಡಿಸಿ, ನೋಂದಾಯಿತ ದಾದಿಯರಿಗೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ತರಬೇತಿಯನ್ನು ರೂಪಿಸಿತು. ತೊಡಕಿಲ್ಲದ ಹೆರಿಗೆಯನ್ನು ಸ್ವಂತ ಹೊಣೆಯಲ್ಲಿ ನಡೆಸುವುದು, ಅಪಾಯದ ಸೂಚನೆ ಕಂಡರೆ ವೈದ್ಯರಿಗೆ ಒಪ್ಪಿಸುವುದು ಇವರ ಕೆಲಸ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿತನ ಆಯೋಗದ ಕಾಯ್ದೆ ಬಂತು.

ಎಂ.ಎಸ್‌ಸಿ. ನರ್ಸಿಂಗ್‌ನ ಮೊದಲ ವರ್ಷದಲ್ಲಿ ಉನ್ನತ ಶುಶ್ರೂಷಾ ಪದ್ಧತಿ ಎಂಬ ವಿಷಯದ ಭಾಗವಾಗಿ ನೈಟಿಂಗೇಲ್‌ರಿಂದ ಲೈನಿಂಗರ್‌ವರೆಗಿನ ಸಿದ್ಧಾಂತಗಳನ್ನು ಓದಿಸುತ್ತಾರೆ. ಹಲವರು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಚಳ್ಳಕೆರೆಯಂಥ ಸೀಮೆಯಲ್ಲಿ ಅವು ದಿನನಿತ್ಯದ ಕೆಲಸದ ಸಾಧನ. ಗುಡಿಸಲಿನ ಗಾಳಿ, ಚಳಿ, ಹೊಗೆಯನ್ನು ಗಮನಿಸಲು ನೈಟಿಂಗೇಲ್ ಕಲಿಸುತ್ತಾರೆ. ಬಾಣಂತಿ ತಾನೇ ಏನು ಮಾಡಿಕೊಳ್ಳಬಲ್ಲಳು, ಎಲ್ಲಿ ನೆರವು ಬೇಕು ಎಂದು ಅಳೆಯಲು ಓರೆಮ್. ಮನೆಯವರೊಡನೆ ಮಾತಿಗೆ ಕೂರಲು ಪೆಪ್ಲೌ. ಯಾವ ರೂಢಿಯನ್ನು ಗೌರವಿಸಬೇಕು, ಯಾವುದನ್ನು ಬಿಡಿಸಬೇಕು ಎಂದು ತೀರ್ಮಾನಿಸಲು ಲೈನಿಂಗರ್. ವೈದ್ಯರ ಸೂಚನೆ ಪಾಲಿಸುವುದಷ್ಟೇ ಕೆಲಸವಾದರೆ ದಾದಿಗೆ ಇವು ಯಾವುವೂ ಬೇಕಿಲ್ಲ. ನಿರ್ಧಾರದ ಹೊಣೆ ಅವಳದಾದಾಗ, ಆ ನಿರ್ಧಾರಕ್ಕೆ ಕಾರಣ ಕೊಡಲು ಸಿದ್ಧಾಂತ ಬೇಕೇ ಬೇಕು.