ಇಕ್ಕೇರಿಯ ಅಳತೆಗೋಲು

ಪರಿಸರ ನಿರ್ವಹಣೆ, ನೀತಿ ಮತ್ತು ಸುಸ್ಥಿರ ಅಭಿವೃದ್ಧಿ ಅಂತ ಉದ್ದ ಹೆಸರಿನ ಒಂದು ವೀಕೆಂಡ್ ಕೋರ್ಸಿಗೆ ಸೇರಿದ್ದೇನೆ. ಮೊದಲ ಕ್ಲಾಸಿನಲ್ಲೇ ಇತಿಹಾಸ ಮುಗಿದುಹೋಯ್ತು. 1972ರ ಸ್ಟಾಕ್‌ಹೋಮ್ ಸಮ್ಮೇಳನ, 1987ರ ಬ್ರಂಟ್‌ಲ್ಯಾಂಡ್ ವರದಿ, 1992ರ ರಿಯೋ, ಅಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದು ಸ್ವಲ್ಪ ತಮಾಷೆಯಾಗಿ ಕಾಣುತ್ತೆ. ನಮ್ಮಲ್ಲಿ ನೆಲ, ನೀರು, ಸೊಪ್ಪಿನ ಲೆಕ್ಕ ಶುರುವಾಗಿ ಮುನ್ನೂರೈವತ್ತು ವರ್ಷ ದಾಟಿದೆ.

ಸಾಗರದಿಂದ ಕೂಗಳತೆಯಲ್ಲಿರುವ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನೀವು ಹೋಗಿರಬಹುದು. ಜೋಗಕ್ಕೆ ಹೋಗುವಾಗ ಹತ್ತು ನಿಮಿಷ ನಿಲ್ಲಿಸಿ ಫೋಟೋ ತೆಗೆಯೋ ಜಾಗ. ಅಲ್ಲಿಯ ಎರಡು ಕಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ತೋಟದ ಜಮೀನು ಅಳೆಯುವ ಕೋಲಾಗಿತ್ತು ಅಂತ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿದೆ. ಉದ್ದ 18 ಅಡಿ 6 ಇಂಚು. ಯಾವ ಶಾನುಭೋಗನೂ ಕೋಲನ್ನು ಗಿಡ್ಡ ಮಾಡೋಹಾಗಿಲ್ಲ, ಅನುಮಾನ ಬಂದರೆ ದೇವಸ್ಥಾನಕ್ಕೆ ಹೋಗಿ ತಾಳೆ ನೋಡಬಹುದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಎಲ್ಲರಿಗೂ ಓದಲು ಸಿಗುವ, ಯಾರಿಗೂ ತಿದ್ದಲು ಬಾರದ ಫೈಲು.

ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರ ತನಕ. ಅವನ 'ಶಿಸ್ತು' ಅಂದರೆ ಕಂದಾಯದ ಕ್ರಮ. ಊರೂರಲ್ಲೂ ಒಂದೊಂದು ಬಗೆಯ ಮಣ್ಣಿನ ಗದ್ದೆಯನ್ನು ಆರಿಸಿ, ಐದು ವರ್ಷ ಸರ್ಕಾರದ ಕಡೆಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದಿದ್ದೆಷ್ಟು ಅಂತ ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದ. ಐದು ವರ್ಷ! ಮೂರು ತಿಂಗಳ ಡೇಟಾ ಇಟ್ಟುಕೊಂಡು ಹತ್ತು ವರ್ಷದ ಪ್ರೊಜೆಕ್ಷನ್ ಹಾಕುವ ನಮ್ಮಂಥವರು ಇಲ್ಲಿ ಸ್ವಲ್ಪ ಸುಮ್ಮನಿರಬೇಕು.

ಆದರೆ ಅಡಿಕೆ ತೋಟ ತನ್ನಷ್ಟಕ್ಕೆ ಬದುಕೋದಿಲ್ಲ. ಅದಕ್ಕೆ ಮೇಲೊಂದು ಬೆಟ್ಟ ಬೇಕು. ಸೊಪ್ಪಿನಬೆಟ್ಟದಿಂದ ಹಸಿಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ದನ ತುಳಿದು ಗೊಬ್ಬರವಾಗಿ, ಅದು ತೋಟಕ್ಕೆ ಹೋಗುತ್ತೆ. ಬೆಟ್ಟದ ಮರ ಹಿಡಿದಿಟ್ಟ ನೀರು ಬೇಸಗೆಯಲ್ಲಿ ಕೆಳಗೆ ಜಿನುಗುತ್ತೆ. ಪಕ್ಕದ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಬಿಡುವ ಕ್ರಮವಿತ್ತು. ಬೆಟ್ಟ ಸರ್ಕಾರದ್ದು, ಸೊಪ್ಪು ತೋಟದವನದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಹಳೆ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟಗಳ ಈ ಸವಲತ್ತನ್ನು ಹೆಸರು ಹಿಡಿದೇ ಉಳಿಸಿದೆ.

ಕೋರ್ಸಿನಲ್ಲಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನ ಓದಿಸಿದರು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳುಮಾಡುತ್ತಾರೆ ಅನ್ನೋದು ಅವನ ವಾದ. ಹಾಗೇನೂ ಆಗಬೇಕಿಲ್ಲ, ಬಳಸುವವರೇ ನಿಯಮ ಮಾಡಿಕೊಂಡು ಕಾಯುವುದೂ ಉಂಟು ಅಂತ ಎಲಿನೋರ್ ಆಸ್ಟ್ರಮ್ ತೋರಿಸಿ 2009ರಲ್ಲಿ ನೊಬೆಲ್ ಪಡೆದರು. ನನಗೆ ಆಸ್ಟ್ರಮ್ ಕೂಡಲೇ ಅರ್ಥವಾದರು, ಯಾಕಂದರೆ ತುದಿ ಕಡಿಯದೆ ಟೊಂಗೆ ಮಾತ್ರ ಸವರಬೇಕು ಅನ್ನೋದನ್ನು ಕೇಳುತ್ತಲೇ ಬೆಳೆದವನು.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲ್ಲ. ತೋಟ ಇದ್ದವನಿಗೆ ಬೆಟ್ಟ. ಸೊಪ್ಪಿನ ಹೊರೆ ಹೊತ್ತು ತಂದವನಿಗೆ ಏನೂ ಇಲ್ಲ. ಗದ್ದೆಯಲ್ಲೂ ಅದೇ ಕತೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸಿಡಿದೆದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪ ಸಂಘಟಿಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೋಲು ದೇವಸ್ಥಾನದಲ್ಲಿದ್ದರೂ ಕೊಳಗ ಒಡೆಯರ ಜಗಲಿಯಲ್ಲಿತ್ತು. ಅಳೆಯೋದು ಯಾರು ಅನ್ನೋ ಪ್ರಶ್ನೆ ಇಲ್ಲದ ಪರಿಸರ ಪಾಠ ಅರ್ಧ ಪಾಠ ಅಂತ ನನಗನಿಸೋದು ಇದಕ್ಕೇ.

ಆಮೇಲೆ ಯಾವ ಕೋಲಿಗೂ ಸಿಗದ ನೀರು ಬಂತು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಅದನ್ನೂ ಮುಳುಗಿಸಿದ ಲಿಂಗನಮಕ್ಕಿ. ನಮ್ಮ ದೇಶದಲ್ಲಿ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾದದ್ದು 1994ರ ಅಧಿಸೂಚನೆಯಿಂದ. ಅಂದರೆ ಶರಾವತಿಯವರು ಮೂವತ್ತು ವರ್ಷ ಮೊದಲೇ ಪರಿಣಾಮ ಆಗಿಹೋಗಿದ್ದರು. ಎಬ್ಬಿಸಿದವರನ್ನು ಕಾಡಿನ ಜಾಗಗಳಲ್ಲಿ ಕೂರಿಸಿದರು, ಎಷ್ಟೋ ಮನೆಗಳಿಗೆ ಪತ್ರ ಕೊಡಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಅವರೇ ಒತ್ತುವರಿದಾರರಾಗಿಬಿಟ್ಟರು. ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವ ತನಕ ಲಾಂಚೇ ಗತಿ.

ಈಗ ಬೆಟ್ಟದ ಸರದಿ. ಅಡಿಕೆಗೆ ರೇಟು ಬಂದಮೇಲೆ ಗದ್ದೆ ತೋಟವಾಯ್ತು, ಜೆಸಿಬಿ ಬಂದಮೇಲೆ ಬೆಟ್ಟದ ಬುಡವೂ ತೋಟವಾಗ್ತಿದೆ. ಇನ್ನೊಂದು ಕಡೆಯಿಂದ ಅಕೇಶಿಯಾ: ಭದ್ರಾವತಿಯ ಕಾಗದ ಕಾರ್ಖಾನೆಗೆ ಅಂತ 1980ರಲ್ಲಿ 40 ವರ್ಷಕ್ಕೆ ಕೊಟ್ಟ ನೆಡುತೋಪಿನ ಗುತ್ತಿಗೆ 2020ಕ್ಕೆ ಮುಗಿದಾಗ, ಅದನ್ನು ಮುಂದುವರಿಸಬೇಡಿ ಅಂತ ಮಲೆನಾಡಿನವರು ಹೋರಾಟಕ್ಕಿಳಿದರು. ಅಕೇಶಿಯಾದ ಎಲೆ ಬೇಗ ಕೊಳೆಯೋದಿಲ್ಲ, ಕೊಟ್ಟಿಗೆಗೆ ಹಾಸೋರು ಯಾರು?

"ಕೊಟ್ಟಿಗೆಲಿ ದನವೇ ಇಲ್ಲ, ಸೊಪ್ಪು ತಂದು ಎಂತ ಮಾಡ್ತಿ ಮಾರಾಯ?" ಅಂತ ಅಪ್ಪಯ್ಯ ಕೇಳ್ತಾರೆ. ಸರಿಯಾದ ಪ್ರಶ್ನೆಯೇ. ಗೊಬ್ಬರ ಚೀಲದಲ್ಲಿ ಬರುತ್ತೆ. ನೀರು ಮಾತ್ರ ಇನ್ನೂ ಆ ಬೆಟ್ಟದಿಂದಲೇ ಇಳಿಯಬೇಕು, ಮತ್ತು 79ನೇ ಕಲಮಿನಲ್ಲಿ ಸೊಪ್ಪಿಗೆ ಹಕ್ಕುಂಟೇ ಹೊರತು ಬೆಟ್ಟವನ್ನು ಉಳಿಸೋ ಜವಾಬ್ದಾರಿ ಯಾರದ್ದು ಅಂತ ಬರೆದಿಲ್ಲ.